ಐದು ಕಿಲೋ ಚೀಲದ ಲೆಕ್ಕ

ಕಳೆದ ವರ್ಷ ಮೇ ತಿಂಗಳ ಕೊನೆಯ ವಾರ ನಮ್ಮ ಮನೆಗೆ ಐದು ಕಿಲೋದ ಒಂದು ಚೀಲ ಬಂತು. ಮೊಳಕೆ ಬರಿಸಿದ ರಾಗಿ, ಗೋಧಿ, ಹೆಸರುಕಾಳು, ಸಜ್ಜೆ, ನೆಲಗಡಲೆ, ಬಾದಾಮಿ, ಅಗಸೆ ಬೀಜ ಎಲ್ಲವನ್ನೂ ಹುರಿದು ಪುಡಿ ಮಾಡಿದ ‘ಹೆಲ್ತ್ ಮಿಕ್ಸ್’. ಅದನ್ನು ತರಿಸಿದವಳು ನಾನೇ.

ಅದೇ ಪುಡಿಯ ಅರ್ಧ ಕಿಲೋ ಪೊಟ್ಟಣಕ್ಕೆ 210 ರೂಪಾಯಿ. ಐದು ಕಿಲೋ ಚೀಲಕ್ಕೆ 1,600 ರೂಪಾಯಿ. ಅಂದರೆ ಚಿಕ್ಕ ಪೊಟ್ಟಣದಲ್ಲಿ ಕಿಲೋಗೆ 420, ಚೀಲದಲ್ಲಿ 320. ಒಟ್ಟು 500 ರೂಪಾಯಿ ಉಳಿತಾಯ ಎಂದು ಕಾಗದದಲ್ಲಿ ಬರೆದು ಅಬ್ಬನಿಗೆ ತೋರಿಸಿದೆ. ಅಬ್ಬ ಆಟೊ ಓಡಿಸುತ್ತಾರೆ. ಮೇ ಕೊನೆಯೆಂದರೆ ನನ್ನ ಮತ್ತು ತಮ್ಮನ ಫೀಸು, ಪುಸ್ತಕ, ಕೊಡೆ ಎಲ್ಲವೂ ಒಟ್ಟಿಗೆ ಬರುವ ಸಮಯ. ಆದರೂ “ನೀನು ಕಾಮರ್ಸ್ ಓದುವವಳು, ಲೆಕ್ಕ ನಿನಗೇ ಗೊತ್ತಲ್ವಾ” ಎಂದು ದುಡ್ಡು ಕೊಟ್ಟರು.

ಜುಲೈ ಮಧ್ಯದಲ್ಲಿ ಆ ಚೀಲದ ಎರಡು ಕಿಲೋ ಪುಡಿಯನ್ನು ಹಿತ್ತಿಲ ತೆಂಗಿನ ಬುಡಕ್ಕೆ ಗುಂಡಿ ತೋಡಿ ಸುರಿದೆವು. ಪುಡಿಯಲ್ಲಿ ಮೋಸವೇನೂ ಇರಲಿಲ್ಲ. ಮಾರಿದವರ ತಪ್ಪೂ ಇರಲಿಲ್ಲ. ತಪ್ಪಿದ್ದು ನನ್ನ ಲೆಕ್ಕ. ನಮ್ಮ ಕಾಲೇಜಿನಲ್ಲಿ ಹಲವರ ಮನೆಗಳಲ್ಲಿ ಇಂಥ ಪುಡಿಗಳಿವೆ. ಹಾಸ್ಟೆಲಿನವರ ಟ್ರಂಕಿನಲ್ಲೂ ಒಂದೊಂದು ಡಬ್ಬಿ ಇದೆ. ಆದ್ದರಿಂದ ಆ ತಪ್ಪು ಎಲ್ಲಿ ಆಯಿತು, ಈಗ ನಾವು ಹೇಗೆ ಕೊಳ್ಳುತ್ತೇವೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕಾಳು ಬಾಳುತ್ತದೆ, ಪುಡಿ ಬಾಳುವುದಿಲ್ಲ

ನನ್ನ ಮೊದಲ ಪ್ರಶ್ನೆ ಇದಾಗಿತ್ತು: ಅಂಗಡಿಯಲ್ಲಿ ರಾಗಿ ಕಾಳು ತಿಂಗಳುಗಟ್ಟಲೆ ಇದ್ದರೂ ಏನೂ ಆಗುವುದಿಲ್ಲ. ಹಾಗಿದ್ದರೆ ಪುಡಿ ಯಾಕೆ ಕೆಡುತ್ತದೆ? ಇದನ್ನು ಜೀವಶಾಸ್ತ್ರದ ಮೇಡಂ ಬಳಿ ಕೇಳಿದೆ. ಅವರು ವಿವರಿಸಿದ್ದನ್ನು ನನಗೆ ಅರ್ಥವಾದ ಹಾಗೆ ಹೇಳುತ್ತೇನೆ.

ಕಾಳಿಗೆ ಅದರ ಸಿಪ್ಪೆಯೇ ಡಬ್ಬಿ. ಒಳಗೆ ಎಣ್ಣೆಯ ಅಂಶ ಒಂದು ಕಡೆ, ಅದನ್ನು ಒಡೆಯುವ ಲೈಪೇಸ್ ಎಂಬ ಕಿಣ್ವ ಇನ್ನೊಂದು ಕಡೆ ಇರುತ್ತವೆ. ಗಿರಣಿಗೆ ಹಾಕಿದ ಕೂಡಲೇ ಎರಡೂ ಬೆರೆಯುತ್ತವೆ. ಜೊತೆಗೆ ಗಾಳಿಯ ಆಮ್ಲಜನಕವೂ ಪುಡಿಯ ಕಣಕಣಕ್ಕೆ ತಾಗುತ್ತದೆ. ಎಣ್ಣೆ ಒಡೆದು ಕಮಟು ವಾಸನೆ, ಕಹಿ ರುಚಿ ಬರುತ್ತದೆ. ಹುರಿದರೆ ಕಿಣ್ವದ ಕೆಲಸ ಬಹುಪಾಲು ನಿಲ್ಲುತ್ತದೆ. ಆದರೆ ಗಾಳಿಯ ಕೆಲಸ ನಿಲ್ಲುವುದಿಲ್ಲ.

ಹೀಗಾಗಿ ಎಣ್ಣೆ ಎಷ್ಟು ಹೆಚ್ಚೋ ಪುಡಿಯ ಆಯುಷ್ಯ ಅಷ್ಟು ಕಡಿಮೆ. ರಾಗಿಯಲ್ಲಿ ಕೊಬ್ಬು ನೂರಕ್ಕೆ ಎರಡರಷ್ಟೂ ಇಲ್ಲ. ಸಜ್ಜೆಯಲ್ಲಿ ಸುಮಾರು ಐದು. ನೆಲಗಡಲೆಯಲ್ಲಿ ಸುಮಾರು 40, ಬಾದಾಮಿಯಲ್ಲಿ 50ಕ್ಕೂ ಹೆಚ್ಚು. ಉತ್ತರ ಕರ್ನಾಟಕದ ಗೆಳತಿಯೊಬ್ಬಳು ಹೇಳಿದಳು, ಅವರ ಮನೆಯಲ್ಲಿ ಸಜ್ಜೆ ಹಿಟ್ಟನ್ನು ವಾರಕ್ಕೆ ಬೇಕಾದಷ್ಟೇ ಬೀಸಿಸುತ್ತಾರಂತೆ, ಹೆಚ್ಚು ದಿನ ಇಟ್ಟರೆ ರೊಟ್ಟಿ ಕಹಿಯಾಗುತ್ತದಂತೆ. ಅವರ ಅಜ್ಜಿಗೆ ಲೈಪೇಸ್ ಗೊತ್ತಿಲ್ಲ, ಆದರೆ ಲೆಕ್ಕ ಗೊತ್ತಿದೆ. ಅಗಸೆ ಬೀಜದ ಒಮೆಗಾ-3 ಕೊಬ್ಬಂತೂ ಗಾಳಿಗೆ ಬಹಳ ಬೇಗ ಕೆಡುತ್ತದೆ. ನಾನು ತಂದ ಚೀಲದಲ್ಲಿ ಇವೆಲ್ಲವೂ ಇದ್ದವು. ‘ಇಷ್ಟೊಂದು ಬಗೆ ಇದೆ, ಒಳ್ಳೆಯದು’ ಎಂದು ನಾನು ಮೆಚ್ಚಿದ ಅದೇ ಕಾರಣಕ್ಕೆ ಅದು ಬೇಗ ಕೆಡುವ ಪುಡಿಯಾಗಿತ್ತು.

ಎರಡನೆಯ ಶತ್ರು ತೇವ. ಹುರಿದ ಪುಡಿ ಚೆನ್ನಾಗಿ ಒಣಗಿರುವುದರಿಂದ ಗಾಳಿಯಲ್ಲಿರುವ ತೇವವನ್ನು ಬೇಗ ಎಳೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಜೂನ್, ಜುಲೈ ಹೇಗಿರುತ್ತದೆ ಎಂದು ನಿಮಗೆ ಹೇಳಬೇಕಾಗಿಲ್ಲ. ಯೂನಿಫಾರ್ಮ್ ಎರಡು ದಿನವಾದರೂ ಒಣಗುವುದಿಲ್ಲ, ಚಪ್ಪಲಿಗೆ ಬೂಷ್ಟು ಬರುತ್ತದೆ. ಅಂಥ ಗಾಳಿಯಲ್ಲಿ ದಿನಕ್ಕೆರಡು ಬಾರಿ ಬಾಯಿ ಬಿಚ್ಚಿದ ಚೀಲ ಎಷ್ಟು ದಿನ ತಡೆದೀತು? ಜೊತೆಗೆ ತಮ್ಮ ಹಾಲಿನ ಲೋಟದಲ್ಲಿ ಅದ್ದಿದ ಚಮಚವನ್ನೇ ಮತ್ತೆ ಚೀಲಕ್ಕೆ ಹಾಕುತ್ತಿದ್ದ. ಮೊದಲು ಗಂಟುಗಳಾದವು. ಆಮೇಲೆ ಸಣ್ಣ ಹುಳ. ಆಮೇಲೆ ಮುಗ್ಗಲು ವಾಸನೆ.

‘ಆರು ತಿಂಗಳೊಳಗೆ ಬಳಸಿದರೆ ಉತ್ತಮ’ ಎಂದು ಚೀಲದ ಮೇಲೆ ಅಚ್ಚಾಗಿತ್ತು. ನಾನು ಅದನ್ನೇ ನಂಬಿದ್ದೆ. ಆದರೆ ಆ ಮಾತು ಬಾಯಿ ಬಿಚ್ಚದ, ಒಣಗಿದ ತಂಪು ಜಾಗದಲ್ಲಿಟ್ಟ ಚೀಲಕ್ಕೆ. ಬಿಚ್ಚಿದ ದಿನದಿಂದ ಲೆಕ್ಕವೇ ಬೇರೆ.

ನಾನು ಮಾಡಬೇಕಿದ್ದ ಲೆಕ್ಕ

ನಾನು ಹಾಕಿದ ಲೆಕ್ಕದಲ್ಲಿ ಬೆಲೆ ಇತ್ತು, ನಾಲ್ಕು ಜನ ಇದ್ದರು. ಒಬ್ಬರಿಗೆ ದಿನಕ್ಕೆ 25 ಗ್ರಾಂ, ನಾಲ್ವರಿಗೆ 100 ಗ್ರಾಂ, ಐದು ಕಿಲೋ 50 ದಿನಕ್ಕೆ ಮುಗಿಯುತ್ತದೆ ಎಂದುಕೊಂಡಿದ್ದೆ.

ನಡೆದದ್ದು ಹೀಗೆ. ಮೊದಲ ಹತ್ತು ದಿನ ನಾಲ್ವರೂ ಕುಡಿದೆವು. ಒಂದು ಕಿಲೋ ಮುಗಿಯಿತು. ಹನ್ನೊಂದನೆಯ ದಿನದಿಂದ ತಮ್ಮ ಲೋಟ ಕಂಡರೆ ಓಡತೊಡಗಿದ. ಇಳಿಮುಖ ಸೀಮಾಂತ ತುಷ್ಟಿಗುಣ ನಿಯಮವನ್ನು ಅರ್ಥಶಾಸ್ತ್ರದಲ್ಲಿ ನಾನು ಬಾಯಿಪಾಠ ಮಾಡಿದ್ದೆ. ಮನೆಯಲ್ಲಿ ಅದು ನನ್ನ ತಮ್ಮನ ರೂಪದಲ್ಲಿ ಓಡುತ್ತಿತ್ತು. ಅಬ್ಬ ಬೆಳಿಗ್ಗೆ ಬೇಗ ಆಟೊ ಹತ್ತುವವರು, ಅವರದ್ದೂ ನಿಂತಿತು. ಉಳಿದವರು ಉಮ್ಮ ಮತ್ತು ನಾನು, ದಿನಕ್ಕೆ 50 ಗ್ರಾಂ. ಮುಂದಿನ 40 ದಿನಕ್ಕೆ ಎರಡು ಕಿಲೋ. ಐವತ್ತನೆಯ ದಿನ ಚೀಲದಲ್ಲಿ ಇನ್ನೂ ಎರಡು ಕಿಲೋ ಇತ್ತು, ಅದು ಕೆಟ್ಟಿತ್ತು.

ಈಗ ಬೆಲೆ ನೋಡಿ. ಕೊಟ್ಟದ್ದು 1,600 ರೂಪಾಯಿ, ಉಪಯೋಗಿಸಿದ್ದು ಮೂರು ಕಿಲೋ. ಕಿಲೋಗೆ 533 ರೂಪಾಯಿ ಬಿತ್ತು. ಅದೇ ಮೂರು ಕಿಲೋವನ್ನು ಅರ್ಧ ಕಿಲೋ ಪೊಟ್ಟಣದಲ್ಲಿ ಆರು ಸಲ ತಂದಿದ್ದರೆ 1,260 ರೂಪಾಯಿ ಆಗುತ್ತಿತ್ತು. 500 ರೂಪಾಯಿ ಉಳಿಸಲು ಹೋಗಿ 340 ರೂಪಾಯಿ ಕಳೆದೆ. ನಿಜ ಹೇಳಬೇಕೆಂದರೆ, ಚಿಕ್ಕ ಪೊಟ್ಟಣ ತಂದಿದ್ದರೆ ತಮ್ಮನಿಗೆ ಬೇಡ ಎಂಬುದು ಮೊದಲ ಪೊಟ್ಟಣದಲ್ಲೇ ಗೊತ್ತಾಗುತ್ತಿತ್ತು.

ಇದರಿಂದ ಎರಡು ಸೂತ್ರ ಬರೆದುಕೊಂಡಿದ್ದೇನೆ. ಯಾವ ಪುಡಿಗೂ ಇವು ಹೊಂದುತ್ತವೆ.

ಒಂದು: ದೊಡ್ಡ ಚೀಲದ ಬೆಲೆಯನ್ನು ಚಿಕ್ಕ ಪೊಟ್ಟಣದ ಕಿಲೋ ದರದಿಂದ ಭಾಗಿಸಿ. 1,600 ಭಾಗಿಸು 420, ಸುಮಾರು 3.8 ಕಿಲೋ. ಐದು ಕಿಲೋದಲ್ಲಿ ಇಷ್ಟನ್ನಾದರೂ ತಿಂದು ಮುಗಿಸಿದರೆ ಮಾತ್ರ ನಷ್ಟವಿಲ್ಲ. ಲಾಭ ಅದರ ಮೇಲಿನದ್ದು ಮಾತ್ರ.

ಎರಡು: ಮನೆಯಲ್ಲಿ ದಿನಕ್ಕೆ ನಿಜವಾಗಿ ಖರ್ಚಾಗುವ ಗ್ರಾಂ, ಗುಣಿಸು ಬಿಚ್ಚಿದ ಮೇಲೆ ಚೆನ್ನಾಗಿರುವ ದಿನ. ಬರುವ ಉತ್ತರವೇ ಒಮ್ಮೆಗೆ ಕೊಳ್ಳಬಹುದಾದ ಗರಿಷ್ಠ ತೂಕ. ನಮ್ಮದು 50 ಗ್ರಾಂ. ಮಳೆಗಾಲದಲ್ಲಿ 30 ದಿನ ಎಂದು ಹಿಡಿದರೆ ಒಂದೂವರೆ ಕಿಲೋ. ಅದಕ್ಕಿಂತ ಹೆಚ್ಚು ಎಷ್ಟೇ ಅಗ್ಗವಾದರೂ ಬೇಡ.

ಉಮ್ಮನ ಲೋಟ

340 ರೂಪಾಯಿ ಹೋದದ್ದು ಮಾತ್ರವಾಗಿದ್ದರೆ ನಾನು ಈ ಲೇಖನ ಬರೆಯುತ್ತಿರಲಿಲ್ಲ.

ಜುಲೈ ಮೊದಲ ವಾರ ಪುಡಿ ಒಂಥರಾ ವಾಸನೆ ಬರುತ್ತಿದೆ ಎಂದು ನಾನು ಕುಡಿಯುವುದನ್ನು ನಿಲ್ಲಿಸಿದೆ. ಪರೀಕ್ಷೆ, ಟ್ಯೂಷನ್ ಎಂದು ಚೀಲದ ಕಡೆ ಮತ್ತೆ ನೋಡಲಿಲ್ಲ. ಆದರೂ ಪುಡಿ ದಿನವೂ ಇಳಿಯುತ್ತಿತ್ತು. ನಾನು ಬಿಟ್ಟ ಪಾಲನ್ನೂ ಉಮ್ಮನೇ ಕುಡಿಯುತ್ತಿದ್ದರು. ಹುಳ ಬಂದದ್ದನ್ನು ಜರಡಿ ಹಿಡಿದು ತೆಗೆದು, ವಾಸನೆ ಹೋಗಲೆಂದು ಏಲಕ್ಕಿ, ಬೆಲ್ಲ ಹಾಕಿ ಕುದಿಸಿ, ಎಲ್ಲರೂ ಹೊರಟ ಮೇಲೆ ಒಬ್ಬರೇ ಕುಡಿಯುತ್ತಿದ್ದರು. ಒಂದು ದಿನ ಕಾಲೇಜಿನಿಂದ ಬಂದಾಗ ಉಮ್ಮ ಮಲಗಿದ್ದರು. ವಾಂತಿ, ಹೊಟ್ಟೆನೋವು. ಡಾಕ್ಟರು ಏನು ತಿಂದಿದ್ದೀರಿ ಎಂದು ಕೇಳಿದಾಗ ಉಮ್ಮ ನನ್ನ ಮುಖ ನೋಡಿ ಸುಮ್ಮನಾದರು. ನಾನೇ ಹೇಳಿದೆ. ಇದರಿಂದಲೇ ಆಯಿತೆಂದು ಖಚಿತವಾಗಿ ಹೇಳಲಾಗದು, ಆದರೆ ಅದನ್ನು ಇವತ್ತೇ ಬಿಸಾಡಿ ಎಂದರು ಡಾಕ್ಟರು.

“ಹಾಳಾದದ್ದು ಗೊತ್ತಿದ್ದೂ ಯಾಕೆ ಕುಡಿದದ್ದು?” ಎಂದು ಬೈದೆ. “ಅಬ್ಬ ದುಡ್ಡು ಕೊಟ್ಟದ್ದಲ್ವಾ ಮಗಾ, ಸುಮ್ಮನೆ ಬಿಸಾಡ್ಲಿಕ್ಕೆ ಆಗ್ತದಾ? ಮತ್ತೆ ನೀನೇ ತರಿಸಿದ್ದು, ನಿನಗೆ ಬೇಜಾರಾಗುದು ಬೇಡ ಅಂತ” ಎಂದರು.

ಅಂದು ನನಗೆ ಗೊತ್ತಾದ ಲೆಕ್ಕ ಯಾವ ಪಠ್ಯಪುಸ್ತಕದಲ್ಲೂ ಇಲ್ಲ. ಮನೆಯಲ್ಲಿ ಹೆಚ್ಚಾಗಿ ಉಳಿದದ್ದನ್ನು, ಹಳಸಿದ್ದನ್ನು, ಯಾರಿಗೂ ಬೇಡವಾದದ್ದನ್ನು ಒಬ್ಬರು ಮುಗಿಸುತ್ತಾರೆ. ಅವರು ಯಾರೆಂದು ನಿಮ್ಮ ಮನೆಯಲ್ಲಿಯೂ ನಿಮಗೆ ಗೊತ್ತಿರುತ್ತದೆ. ನಾವು ದೊಡ್ಡ ಚೀಲ ಕೊಳ್ಳುವಾಗ ಅವರ ಹೊಟ್ಟೆಯನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಕೆಟ್ಟ ಪುಡಿಯನ್ನು ಕುದಿಸಿದರೆ ಸರಿಯಾಗುತ್ತದೆ ಎಂಬುದೂ ತಪ್ಪು. ನೆಲಗಡಲೆ, ಧಾನ್ಯಗಳಿಗೆ ಬೂಷ್ಟು ಹಿಡಿದಾಗ ಕೆಲವು ಜಾತಿಯ ಶಿಲೀಂಧ್ರಗಳು ಅಫ್ಲಾಟಾಕ್ಸಿನ್ ಎಂಬ ವಿಷವನ್ನು ಉತ್ಪಾದಿಸುತ್ತವೆ. ಇದು ಯಕೃತ್ತಿಗೆ ಅಪಾಯಕಾರಿ, ಮನೆಯ ಅಡುಗೆಯ ಶಾಖಕ್ಕೆ ಪೂರ್ತಿ ನಾಶವಾಗುವುದಿಲ್ಲ. 1960ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಮರಿಗಳು ಸತ್ತಾಗ ಕಾರಣ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಬೂಷ್ಟು ಹಿಡಿದ ನೆಲಗಡಲೆ ಹಿಂಡಿ. ಈ ವಿಷ ಪತ್ತೆಯಾದದ್ದೇ ಹಾಗೆ. ಆದ್ದರಿಂದ ಮುಗ್ಗಿದ ಪುಡಿಯನ್ನು ‘ನಮಗೆ ಬೇಡ, ಕೋಳಿಗೆ ಹಾಕೋಣ’ ಎನ್ನುವುದೂ ಸರಿಯಲ್ಲ. ಕೆಲಸದವರಿಗೋ ಪಕ್ಕದ ಮನೆಗೋ ಕೊಡುವುದಂತೂ ಸಲ್ಲದು. ನಾವು ತಿನ್ನಲಾರದ್ದನ್ನು ದಾನ ಎನ್ನಲಾಗದು.

ಕೊಳ್ಳುವ ಮುಂಚೆ ಕೇಳಬೇಕಾದದ್ದು

ಈಗ ನಮ್ಮ ಮನೆಯಲ್ಲಿ ಹೊಸ ಪುಡಿ ತರುವ ಮುಂಚೆ ಐದು ಪ್ರಶ್ನೆ ಕೇಳುತ್ತೇವೆ.

ಮೊದಲನೆಯದು, ಒಂದು ತಿಂಗಳು ಚಿಕ್ಕ ಪೊಟ್ಟಣ ತಂದು ನೋಡಿದ್ದೇವೆಯೇ? ಯಾರು ಕುಡಿದರು, ಯಾರು ಬಿಟ್ಟರು ಎಂಬುದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಮೊದಲ ವಾರದ ಉತ್ಸಾಹವನ್ನು ನಂಬಬಾರದು.

ಎರಡನೆಯದು, ಪೊಟ್ಟಣದ ಮೇಲೆ ಏನಿದೆ? ಪದಾರ್ಥಗಳ ಪಟ್ಟಿಯಲ್ಲಿ ತೂಕ ಹೆಚ್ಚಿರುವುದು ಮೊದಲು ಬರುತ್ತದೆ. ಮೊದಲ ಎರಡು ಹೆಸರುಗಳಲ್ಲಿ ಸಕ್ಕರೆ ಇದ್ದರೆ ನೀವು ಕೊಳ್ಳುತ್ತಿರುವುದು ಹೆಚ್ಚಾಗಿ ಸಕ್ಕರೆಯನ್ನೇ. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಇದು ಇನ್ನೂ ಮುಖ್ಯ. ತಯಾರಿಸಿದ ದಿನಾಂಕ, ಎಫ್‌ಎಸ್‌ಎಸ್‌ಎಐಯ 14 ಅಂಕಿಗಳ ಲೈಸೆನ್ಸ್ ಸಂಖ್ಯೆ ನೋಡಿ. ಒಂದು ಗ್ರಾಂಗೆ ಅಥವಾ ಒಂದು ಕಿಲೋಗೆ ಎಷ್ಟು ಎಂಬ ಯೂನಿಟ್ ದರವನ್ನೂ ಈಗ ಪೊಟ್ಟಣದ ಮೇಲೆ ಅಚ್ಚು ಹಾಕುತ್ತಾರೆ, ಅದನ್ನು ಹೋಲಿಸಿ. ಕೆಲವೊಮ್ಮೆ ದೊಡ್ಡ ಡಬ್ಬಿಯ ದರವೇ ಹೆಚ್ಚಿರುತ್ತದೆ!

ಮೂರನೆಯದು, ಅಗ್ಗ ಯಾಕೆ? ಅರ್ಧ ಬೆಲೆಯ ಆಫರ್ ಕಂಡರೆ ಮೊದಲು ದಿನಾಂಕ ನೋಡಬೇಕು. ಅವಧಿ ಮುಗಿಯಲು ಎರಡೇ ತಿಂಗಳಿರುವ ಡಬ್ಬಿ ಎರಡು ತಿಂಗಳಲ್ಲಿ ಮುಗಿಸುವವರಿಗೆ ಲಾಭ, ಇತರರಿಗೆ ಅಲ್ಲ.

ನಾಲ್ಕನೆಯದು, ಎಲ್ಲಿ ಇಡುತ್ತೇವೆ? ಗ್ಯಾಸ್ ಒಲೆಯ ಮೇಲಿನ ಶೆಲ್ಫ್ ಬೇಡ, ಅಲ್ಲಿ ಬಿಸಿಯೂ ಹಬೆಯೂ ಇರುತ್ತದೆ. ಬಿಗಿ ಮುಚ್ಚಳದ ಎರಡು ಡಬ್ಬಿ ಬೇಕು. ವಾರಕ್ಕೆ ಬೇಕಾದದ್ದು ಚಿಕ್ಕ ಡಬ್ಬಿಗೆ, ಉಳಿದದ್ದು ದೊಡ್ಡದರಲ್ಲಿ. ದೊಡ್ಡದನ್ನು ವಾರಕ್ಕೆ ಒಮ್ಮೆ ಮಾತ್ರ ತೆರೆಯಬೇಕು. ಒಣ ಚಮಚ ಡಬ್ಬಿಯೊಳಗೇ ಇರಲಿ.

ಐದನೆಯದು, ಈ ತಿಂಗಳು ಆ ದುಡ್ಡು ಬೇರೆ ಯಾವುದಕ್ಕಾದರೂ ಬೇಕೇ? ಫೀಸಿನ ತಿಂಗಳಲ್ಲಿ 1,600 ರೂಪಾಯಿಯನ್ನು ಚೀಲದಲ್ಲಿ ಕಟ್ಟಿಡುವುದೂ ಒಂದು ಖರ್ಚೇ. ಆ ಜೂನ್‌ನಲ್ಲಿ ಅಬ್ಬ ಆಟೊದ ಟೈರ್ ಬದಲಿಸುವುದನ್ನು ಒಂದು ತಿಂಗಳು ಮುಂದೂಡಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು.

ಹಾಗಾದರೆ ಹೆಚ್ಚು ಯಾವಾಗ ಕೊಳ್ಳಬೇಕು?

ಒಟ್ಟಿಗೆ ಕೊಳ್ಳುವುದೇ ತಪ್ಪು ಎಂದು ನಾನು ಹೇಳುತ್ತಿಲ್ಲ. ಏನನ್ನು, ಯಾವಾಗ ಎಂಬುದು ಪ್ರಶ್ನೆ.

ಕಾಳನ್ನು ಹೆಚ್ಚು ಕೊಳ್ಳಬಹುದು. ದೇಶದಲ್ಲಿ ಅತಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಹಳೇ ಮೈಸೂರಿನ ಕಡೆ ಹಿಂದೆ ರಾಗಿಯನ್ನು ನೆಲದೊಳಗಿನ ಹಗೇವಿನಲ್ಲಿ ವರ್ಷಗಟ್ಟಲೆ ಕೂಡಿಡುತ್ತಿದ್ದರು. ಮುಂಗಾರಿನ ರಾಗಿ ನವೆಂಬರ್, ಡಿಸೆಂಬರ್ ಹೊತ್ತಿಗೆ ಕೊಯ್ಲಾಗುತ್ತದೆ. ಆಮೇಲಿನ ಒಣಹವೆಯ ತಿಂಗಳುಗಳು ಕೊಳ್ಳಲು ಒಳ್ಳೆಯ ಕಾಲ. 2025–26ರ ಸಾಲಿಗೆ ಕೇಂದ್ರ ಸರ್ಕಾರ ರಾಗಿಗೆ ನಿಗದಿ ಮಾಡಿದ ಬೆಂಬಲ ಬೆಲೆ ಕ್ವಿಂಟಾಲಿಗೆ 4,886 ರೂಪಾಯಿ, ಕಿಲೋಗೆ 49 ರೂಪಾಯಿಯೂ ಆಗುವುದಿಲ್ಲ. ಅಂಗಡಿಯಲ್ಲಿ ಇನ್ನಷ್ಟು ಸೇರಿದರೂ ಪುಡಿಯ ಬೆಲೆಯ ಹತ್ತಿರ ಬರುವುದಿಲ್ಲ. ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ, ಬಿಸಿಲಿಗೆ ಚೆನ್ನಾಗಿ ಒಣಗಿಸಿ, ಹುರಿದು, ಹದಿನೈದು ದಿನಕ್ಕೆ ಬೇಕಾದಷ್ಟೇ ಗಿರಣಿಗೆ ಕೊಟ್ಟರೆ ರಾಗಿ ಮಾಲ್ಟ್ ಸಿದ್ಧ. ಬಾದಾಮಿ, ನೆಲಗಡಲೆ ಬೇಕಾದವರು ಕುಡಿಯುವ ದಿನ ಪುಡಿ ಮಾಡಿ ಹಾಕಿಕೊಳ್ಳಬಹುದು. ಮಳೆಗಾಲಕ್ಕೆ ಒಣಗಿಸುವುದು ಕಷ್ಟ, ಆಗ ನಾವು ಅರ್ಧ ಕಿಲೋ ಪೊಟ್ಟಣವನ್ನೇ ತರುತ್ತೇವೆ.

ಹಂಚಿಕೊಳ್ಳುವವರಿದ್ದರೆ ಚೀಲ ಕೊಳ್ಳಬಹುದು. ಈಗ ನಮ್ಮ ಗಲ್ಲಿಯ ನಾಲ್ಕು ಮನೆಯವರು ಸೇರಿ ಒಂದು ಚೀಲ ತರಿಸುತ್ತೇವೆ. ಬಂದ ದಿನವೇ ತಕ್ಕಡಿಯಲ್ಲಿ ತೂಗಿ ಹಂಚುತ್ತೇವೆ. ಒಂದು ಮನೆಗೆ ಒಂದೂಕಾಲು ಕಿಲೋ, 400 ರೂಪಾಯಿ. ದರ ಚೀಲದ್ದು, ತೂಕ ಪೊಟ್ಟಣದ್ದು. ಹಾಸ್ಟೆಲಿನವರಿಗೆ ಇದು ಇನ್ನೂ ಸುಲಭ.

ಖಚಿತವಾಗಿ ಖರ್ಚಾಗುವ ಕಾಲವಿದ್ದರೆ ಕೊಳ್ಳಬಹುದು. ರಂಝಾನಿನಲ್ಲಿ ನಮ್ಮ ಮನೆಯಲ್ಲಿ ಸಹರಿಗೆ ರಾಗಿ ಗಂಜಿ ತಪ್ಪುವುದಿಲ್ಲ, ತಮ್ಮನೂ ಕುಡಿಯುತ್ತಾನೆ. ನಾಲ್ವರು, 100 ಗ್ರಾಂ, 30 ದಿನ: ಮೂರು ಕಿಲೋ ಎಂದು ಕಣ್ಣು ಮುಚ್ಚಿ ಹೇಳಬಹುದು. ಈಗಿನ ವರ್ಷಗಳಲ್ಲಿ ಉಪವಾಸದ ತಿಂಗಳು ಫೆಬ್ರವರಿ, ಮಾರ್ಚ್ ಆಸುಪಾಸಿನಲ್ಲಿ ಬರುತ್ತಿರುವುದರಿಂದ ತೇವದ ಭಯವೂ ಕಡಿಮೆ. ಆದರೆ ಈದ್‌ನ ನಂತರಕ್ಕೂ ಇರಲಿ ಎಂದು ಹೆಚ್ಚು ತರಬಾರದು. ಈದ್ ಕಳೆದ ಮೇಲೆ ಬೆಳಿಗ್ಗೆ ಮೂರೂವರೆಗೆ ಯಾರೂ ಗಂಜಿ ಕೇಳುವುದಿಲ್ಲ.

ಜಿಮ್ಮಿಗೆ ಹೋಗುವ ಸಹಪಾಠಿಗಳಿಗೆ

ದೊಡ್ಡ ಪ್ರೊಟೀನ್ ಡಬ್ಬಿ ಅಗ್ಗ ಎಂದು ಕೆಲವರು ದುಡ್ಡು ಕೂಡಿಸುತ್ತಿರುವುದು ನನಗೆ ಗೊತ್ತು. ಅದರ ಮುಂಚೆ ಇನ್ನೊಂದು ಲೆಕ್ಕ ಮಾಡಿ: ಬೇಕೇ ಎಂಬುದು. ಐಸಿಎಂಆರ್‌ನ ರಾಷ್ಟ್ರೀಯ ಪೋಷಣಾ ಸಂಸ್ಥೆ ಹೇಳುವ ಪ್ರಕಾರ 16ರಿಂದ 18 ವರ್ಷದ ಹುಡುಗರಿಗೆ ದಿನಕ್ಕೆ ಸುಮಾರು 55 ಗ್ರಾಂ, ಹುಡುಗಿಯರಿಗೆ 46 ಗ್ರಾಂ ಪ್ರೊಟೀನ್ ಸಾಕು. ಎರಡು ಮೊಟ್ಟೆಯಲ್ಲಿ 12 ಗ್ರಾಂ, ಎರಡು ಲೋಟ ಹಾಲಿನಲ್ಲಿ ಸುಮಾರು 13, ಒಂದು ಹಿಡಿ ಹುರಿಗಡಲೆಯಲ್ಲಿ ಎಂಟು ಹತ್ತು ಗ್ರಾಂ, ನೂರು ಗ್ರಾಂ ಬಂಗುಡೆಯಲ್ಲಿ ಸುಮಾರು 18. ಅನ್ನ, ಬೇಳೆ ಸೇರುವ ಮುಂಚೆಯೇ 50ರ ಹತ್ತಿರ ಬಂತು. ಇದೇ ಸಂಸ್ಥೆ 2024ರ ಮೇ ತಿಂಗಳಲ್ಲಿ ಹೊರತಂದ ಆಹಾರ ಮಾರ್ಗಸೂಚಿಯಲ್ಲಿ ಮೈ ಬೆಳೆಸಲು ಪ್ರೊಟೀನ್ ಪುಡಿ ಬೇಡ ಎಂದೇ ಹೇಳಿದೆ. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯ, ಆನ್‌ಲೈನ್ ಅಂಗಡಿಗಳು ಪಾನೀಯಗಳನ್ನು ‘ಹೆಲ್ತ್ ಡ್ರಿಂಕ್’ ಎಂಬ ವಿಭಾಗದಲ್ಲಿ ಮಾರಬಾರದು ಎಂದು ಸೂಚಿಸಿತ್ತು. ನಮ್ಮ ಆಹಾರ ಕಾನೂನಿನಲ್ಲಿ ‘ಹೆಲ್ತ್ ಡ್ರಿಂಕ್’ ಎಂಬ ವ್ಯಾಖ್ಯಾನವೇ ಇಲ್ಲ. ಡಾಕ್ಟರು ಹೇಳಿದ್ದರೆ ಆ ಮಾತು ಬೇರೆ. ಇಲ್ಲದಿದ್ದರೆ ಆ ದುಡ್ಡಿಗೆ ಎಷ್ಟು ಮೊಟ್ಟೆ ಬರುತ್ತದೆ ಎಂದು ಒಮ್ಮೆ ಎಣಿಸಿ.

ಈಗ ನಮ್ಮ ಅಡುಗೆಮನೆಯಲ್ಲಿ ಒಂದು ಸ್ಟೀಲ್ ಡಬ್ಬಿ ಇದೆ. ಅದರ ಮೇಲೆ ಬಿಳಿ ಪಟ್ಟಿ ಅಂಟಿಸಿ ಎರಡು ದಿನಾಂಕ ಬರೆಯುತ್ತೇನೆ: ತೆರೆದ ದಿನ, ಬಿಸಾಡುವ ದಿನ. ‘ಬಿಸಾಡುವ ದಿನ’ ಎಂದು ಬರೆದದ್ದನ್ನು ನೋಡಿ ಉಮ್ಮ ಮೊದಲು ಅಪಶಕುನ ಎನ್ನುವ ಹಾಗೆ ಮುಖ ಮಾಡಿದರು. ಹೋದ ತಿಂಗಳು ಆ ದಿನ ಬಂದಾಗ ಡಬ್ಬಿಯ ತಳದಲ್ಲಿ ಎರಡು ಚಮಚ ಪುಡಿ ಉಳಿದಿತ್ತು. ಉಮ್ಮ ಲೋಟ ತೆಗೆಯಲಿಲ್ಲ. ಡಬ್ಬಿಯನ್ನು ನನ್ನ ಕೈಗೆ ಕೊಟ್ಟು, “ತಗೋ, ಬಿಸಾಡು. ನೀನೇ ಬರೆದದ್ದಲ್ವಾ” ಎಂದು ನಕ್ಕರು.